ಟಿಟಿ ಮ್ಯಾಪನ್ನು ಆಕ್ಟೇವಿಯಾಗೆ ಹಾಕುವಾಗ ಎಷ್ಟು ಡಿಗ್ರಿ ಕಳೆಯಬೇಕು?

150 ಪಿಎಸ್‌ನ 1.8 ಟರ್ಬೊ ಸ್ಕೋಡಾ ಆಕ್ಟೇವಿಯಾದ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್) 225 ಪಿಎಸ್ ಆಡಿ ಟಿಟಿಯ ಇಗ್ನಿಷನ್ ಮ್ಯಾಪ್, ಅಂದರೆ ಪಿಸ್ಟನ್ ಮೇಲೆ ತಲುಪಲು ಎಷ್ಟು ಡಿಗ್ರಿ ಮೊದಲೇ ಕಿಡಿ ಹಾರಬೇಕು ಎಂಬ ಕೋಷ್ಟಕ, ಪೇಸ್ಟ್ ಮಾಡಿ, ಸೇಫ್ಟಿಗೆ ಇಷ್ಟು ಡಿಗ್ರಿ ಅಂತ ಕಳೆದರೆ ಸಾಕೇ ಎಂದು ಕೇಳಿದ್ದೀರಿ. ಇದೇ ಕೆಲಸ ನಾನು ಮಾಡಿದ್ದೆ. ಮೂರನೇ ಸಿಲಿಂಡರಿನ ಪಿಸ್ಟನ್ ಹೋಯಿತು.

ಎರಡೂ ಒಂದೇ ಬಳಗದ 20 ವಾಲ್ವ್ ಎಂಜಿನ್, ಎರಡರಲ್ಲೂ ಬಾಷ್ ಎಂಇ7.5 ಇಸಿಯು. ಹಾಗಾಗಿ ಮ್ಯಾಪೂ ಹೊಂದುತ್ತದೆ ಅನ್ನಿಸುವುದು ಸಹಜ. ಆದರೆ ನಿಮ್ಮದರ ಕಂಪ್ರೆಷನ್ ಅನುಪಾತ 9.5, ಟಿಟಿಯದ್ದು 9.0. ನಿಮ್ಮದು ಕೆ03 ಟರ್ಬೊ, 3,000 ಆರ್‌ಪಿಎಂ ಹೊತ್ತಿಗೇ ಉಕ್ಕಿ ಬರುತ್ತದೆ. ಅದರ ಕೆ04 ದೊಡ್ಡದು, ಇನ್ನೂ ಮೇಲೆ ಉಸಿರಾಡುತ್ತದೆ. ನಾಕಿಂಗ್ (ಸಿಲಿಂಡರಿನಲ್ಲಿ ಇಂಧನ ತಾನಾಗಿಯೇ ಸಿಡಿಯುವುದು) ಬಗ್ಗೆ ಟಿಟಿ ಮ್ಯಾಪ್ ಎಚ್ಚರ ವಹಿಸಿದ ಜಾಗ ಬೇರೆ, ನಿಮಗೆ ಎಚ್ಚರ ಬೇಕಾದ ಜಾಗ ಬೇರೆ.

ಇದೆಲ್ಲ ನನಗೆ ಗೊತ್ತಿತ್ತು. ತಪ್ಪಿದ್ದು ಅಕ್ಷದಲ್ಲಿ. ಆ ಇಗ್ನಿಷನ್ (ಟೈಮಿಂಗ್) ಮ್ಯಾಪ್‌ಗೆ ಒಂದು ಕಡೆ ಆರ್‌ಪಿಎಂ, ಇನ್ನೊಂದು ಕಡೆ ಲೋಡ್. ಲೋಡ್ 100 ಅಂದರೆ ಶೂನ್ಯ ಡಿಗ್ರಿ ಸೆಲ್ಸಿಯಸ್, 1,013 ಮಿಲಿಬಾರ್‌ನ ಗಾಳಿ ಸಿಲಿಂಡರ್ ತುಂಬಿದಂತೆ. ಟರ್ಬೊ ಇದ್ದರೆ 150, 170 ಕೂಡ ಆಗುತ್ತದೆ. ಪೇಸ್ಟ್ ಮಾಡಿದಾಗ ಒಳಗಿನ ಅಂಕಿಗಳು ಮಾತ್ರ ಬರುತ್ತವೆ, ಅಕ್ಷ ಹಳೆಯದೇ ಉಳಿಯುತ್ತದೆ. ಉದಾಹರಣೆಗೆ ಟಿಟಿಯ ಕೊನೆಯ ಅಂಕಣ 190ರದ್ದು, ಅಲ್ಲಿ ಸುಮಾರು 4 ಡಿಗ್ರಿ ಇದೆ ಅಂದುಕೊಳ್ಳಿ. ನಿಮ್ಮ ಕೊನೆಯ ಅಂಕಣ 150. ಆ 4 ಡಿಗ್ರಿ ಬಂದು 150ರಲ್ಲಿ ಕೂರುತ್ತದೆ. ಗಾಡಿ ಮಂಕಾಗುತ್ತದೆ, ಎಕ್ಸಾಸ್ಟ್ ಬಿಸಿಯಾಗುತ್ತದೆ. ಆಗ ಕೈ ಸುಮ್ಮನಿರುವುದಿಲ್ಲ. ನಾನೂ ಮೇಲಿನ ಲೋಡ್‌ನ ಅಂಕಣಗಳಿಗೆಲ್ಲ ಒಂದೇ ಸಮ ಸುಮಾರು 4 ಡಿಗ್ರಿ ಕೂಡಿಸಿದೆ. 150ರಲ್ಲಿ ಸುಮಾರು 8 ಡಿಗ್ರಿ ಆಯಿತು, ಗಾಡಿ ಚುರುಕಾಯಿತು, ಓಡಿಸುವಾಗ ದಾಖಲಿಸಿದ ಅಂಕಿಗಳು, ಅಂದರೆ ಲಾಗ್ ಕೂಡ ಸರಿಯಿತ್ತು.

ಆದರೆ ಬೂಸ್ಟ್ (ಟರ್ಬೊದ ಒತ್ತಡ) ಏರಿಸಿದ ಮೇಲೆ ನಿಜವಾದ ಲೋಡ್ 170 ದಾಟುತ್ತಿತ್ತು. ಅಕ್ಷ ಮುಗಿದ ಮೇಲೆ ಇಸಿಯು ಮುಂದಕ್ಕೆ ಅಂದಾಜು ಮಾಡಿ ಟೈಮಿಂಗ್ ಇಳಿಸುವುದಿಲ್ಲ, ಕೊನೆಯ ಅಂಕಿಯನ್ನೇ ಹಿಡಿದು ಕೂರುತ್ತದೆ. ಗಾಳಿ ಹೆಚ್ಚುತ್ತಲೇ ಹೋಯಿತು, 8 ಡಿಗ್ರಿ ಅಲ್ಲೇ ನಿಂತಿತು. ಮಿಕ್ಕಿದ್ದನ್ನು ನಾಕ್ ಕಂಟ್ರೋಲ್ (ನಾಕಿಂಗ್ ಕೇಳಿದ ಕೂಡಲೇ ಟೈಮಿಂಗ್ ಹಿಂದಕ್ಕೆ ಎಳೆಯುವ ವ್ಯವಸ್ಥೆ) ಒಂದೇ ಹೊತ್ತುಕೊಂಡಿತ್ತು.

ಅದು ಕಣ್ಣಿಗೆ ಬೀಳದೇ ಹೋಗಲು ಮಳೆಗಾಲ ಕಾರಣ. ಲಾಗ್ ತೆಗೆದದ್ದು ಜುಲೈನಲ್ಲಿ, ಆಗುಂಬೆ ಘಾಟಿಯ 14 ತಿರುವುಗಳಲ್ಲಿ. ತಂಪು ಗಾಳಿ, ಅದರಲ್ಲೂ ತೇವದ ಗಾಳಿ, ನಾಕಿಂಗನ್ನು ತಗ್ಗಿಸುತ್ತದೆ. ಹಿಂದಕ್ಕೆ ಎಳೆದದ್ದು 2–3 ಡಿಗ್ರಿ ಅಷ್ಟೇ ಕಾಣಿಸಿತು. ಅದೇ ಫೈಲ್ ಏಪ್ರಿಲ್‌ನ ಒಣ ಬಿಸಿಲಲ್ಲಿ, ಮುಂಚಕ್ರದ ಪಕ್ಕದ ಪುಟ್ಟ ಇಂಟರ್‌ಕೂಲರಿನ (ಟರ್ಬೊದ ಗಾಳಿ ತಂಪು ಮಾಡುವ ಭಾಗ) ರೆಕ್ಕೆಗಳಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿದ್ದಾಗ, ಘಾಟಿ ಹತ್ತಿತು. ಆಟೋ ಕಾಂಪ್ಲೆಕ್ಸ್‌ನ ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆ, ನಡುವೆ ಸಾಸಿವೆಗಿಂತ ಸಣ್ಣ ಅಲ್ಯೂಮಿನಿಯಂ ಗುಂಡು. ಆ ಅಲ್ಯೂಮಿನಿಯಂ ಪಿಸ್ಟನ್ನಿನದು. ರಿಂಗ್ ಕೂರುವ ಅಂಚು ಮುರಿದಿತ್ತು.

ಆದ್ದರಿಂದ ಎಷ್ಟು ಡಿಗ್ರಿ ಕಳೆಯಬೇಕು ಎಂಬ ಪ್ರಶ್ನೆಯನ್ನೇ ಬಿಡಿ ಮಾರಾಯ್ರೆ. ಎಲ್ಲ ಕಡೆಗೂ ಸಲ್ಲುವ ಒಂದು ಅಂಕಿ ಇಲ್ಲ. ನಿಮ್ಮ ಎಂಜಿನ್ನಿನ ಮೂಲ ಮ್ಯಾಪನ್ನೇ ಇಟ್ಟುಕೊಳ್ಳಿ. ಟಿಟಿಯದನ್ನು ಪಕ್ಕದಲ್ಲಿಟ್ಟು ನೋಡಿ. ಲೋಡ್ ಏರಿದ ಹಾಗೆ ಟೈಮಿಂಗ್ ಹೇಗೆ ಇಳಿಯುತ್ತದೆ ಎಂಬ ಇಳಿಜಾರು ಮಾತ್ರ ಅದರಿಂದ ಕಲಿಯಬೇಕಾದದ್ದು. ಎರಡರ ಅಕ್ಷಗಳನ್ನೂ ಕಾಗದದ ಮೇಲೆ ಬರೆದುಕೊಂಡು, ಅದೇ ಆರ್‌ಪಿಎಂ ಅದೇ ಲೋಡ್‌ಗೆ ಹೋಲಿಸಿ. ಅಂಕಿ 0.75 ಡಿಗ್ರಿಯ ಹೆಜ್ಜೆಗಳಲ್ಲಿರುತ್ತದೆ, ಋಣ ಚಿಹ್ನೆಯೂ ಸೇರಿ. ಎಡಿಟರ್‌ನಲ್ಲಿ ಚಿಹ್ನೆ ಆಯ್ಕೆ ಮಾಡದಿದ್ದರೆ −3 ಡಿಗ್ರಿ 189 ಆಗಿ ಕಾಣಿಸುತ್ತದೆ.

ನಿಮ್ಮ ಲಾಗ್‌ನ ಅತಿ ಹೆಚ್ಚಿನ ಲೋಡ್‌ಗಿಂತ ಮೇಲಕ್ಕೆ ಅಕ್ಷವನ್ನು ಚಾಚಿ. ಒಂದು ಎಚ್ಚರಿಕೆ: ಆ ಅಕ್ಷವನ್ನು ಬೇರೆ ಟೈಮಿಂಗ್ ಮ್ಯಾಪ್‌ಗಳೂ ಹಂಚಿಕೊಂಡಿವೆ. ಅಕ್ಷ ಜರುಗಿಸಿದರೆ ಅವನ್ನೂ ಹೊಸ ಅಂಕಣಗಳಿಗೆ ಲೆಕ್ಕ ಹಾಕಿ ಮತ್ತೆ ಬರೆಯಬೇಕು. 120ರ ಮೇಲಿನ ಲೋಡ್‌ನಲ್ಲಿ ಎರಡು ಮ್ಯಾಪ್‌ಗಳ ಪೈಕಿ ಕಡಿಮೆ ಇರುವುದಕ್ಕಿಂತ 3 ಡಿಗ್ರಿ ಕೆಳಗಿನಿಂದ ಶುರು ಮಾಡಿ, ಒಂದು ಸಲಕ್ಕೆ 0.75ರಂತೆ ಏರಿಸಿ. ಚೆಕ್‌ಸಮ್ (ಫೈಲ್ ಸರಿಯಿದೆಯೇ ಎಂದು ಇಸಿಯು ನೋಡುವ ತಾಳೆ ಅಂಕಿ) ಸರಿಪಡಿಸದೆ ಫೈಲ್ ಬರೆಯಬೇಡಿ.

ಲಾಗಿಂಗ್‌ಗೆ ವಿಸಿಡಿಎಸ್‌ನಲ್ಲಿ (ಫೋಕ್ಸ್‌ವ್ಯಾಗನ್ ಬಳಗದ ಕಾರುಗಳ ಡಯಾಗ್ನೊಸ್ಟಿಕ್ ತಂತ್ರಾಂಶ) 020ನೇ ಗ್ರೂಪ್: ನಾಲ್ಕೂ ಸಿಲಿಂಡರ್‌ಗಳ ರಿಟಾರ್ಡ್ (ನಾಕ್ ಕಂಟ್ರೋಲ್ ಹಿಂದಕ್ಕೆ ಎಳೆದ ಡಿಗ್ರಿ) ಬೇರೆಬೇರೆಯಾಗಿ ಬರುತ್ತದೆ. ಮೂರನೇ ಗೇರ್, 2,500ರಿಂದ 6,000, ಖಾಲಿ ರಸ್ತೆ. 3 ಡಿಗ್ರಿವರೆಗೆ ಚಿಂತೆಯಿಲ್ಲ. ಅದಕ್ಕಿಂತ ಜಾಸ್ತಿ ಬಂದ ಜಾಗದಲ್ಲಿ ಮ್ಯಾಪ್ ಇಳಿಸಿ, ನಾಕ್ ಕಂಟ್ರೋಲ್ ನೋಡಿಕೊಳ್ಳುತ್ತದೆ ಅಂತ ಬಿಡಬೇಡಿ. ಒಂದೇ ಸಿಲಿಂಡರ್ ಸದಾ ಹೆಚ್ಚು ತೋರಿಸಿದರೆ ಮ್ಯಾಪ್ ಮುಟ್ಟುವ ಮೊದಲು ಪ್ಲಗ್, ಇಂಜೆಕ್ಟರ್ ನೋಡಿ. ನಾಕ್ ಸೆನ್ಸರಿನ ಬೋಲ್ಟ್ 20 ಎನ್‌ಎಂಗೇ ಇರಬೇಕು. ಬಿಗಿ ಹೆಚ್ಚುಕಮ್ಮಿಯಾದರೆ ಸೆನ್ಸರ್ ಕೇಳಿಸಿಕೊಳ್ಳುವುದೇ ಬದಲಾಗುತ್ತದೆ. ಬೂಸ್ಟ್ ಏರಿಸಿದ್ದರೆ ಎನ್‌ಜಿಕೆ ಬಿಕೆಆರ್7ಇ ಪ್ಲಗ್, 0.7 ಮಿಮೀ ಗ್ಯಾಪ್.

95 ಆಕ್ಟೇನ್ ಪೆಟ್ರೋಲಿಗೆ ಮ್ಯಾಪ್ ಬರೆದು, ತೀರ್ಥಹಳ್ಳಿ ದಾಟಿದ ಮೇಲೆ ಸಿಕ್ಕಿದ್ದನ್ನು ತುಂಬಿಸುವವರಾದರೆ, ಸಿಕ್ಕುವ ಪೆಟ್ರೋಲಿಗೇ ಬರೆಯಿರಿ. ಕೊನೆಯ ಲಾಗ್ ಏಪ್ರಿಲ್‌ನಲ್ಲಿ, ಮಧ್ಯಾಹ್ನ ಎರಡು ಗಂಟೆಗೆ ತೆಗೆಯಿರಿ. ಅದಕ್ಕೆ ಮೊದಲು ಇಂಟರ್‌ಕೂಲರಿನ ಮಣ್ಣು ತೊಳೆಯಿರಿ.