ತಬ್ಬಿಕೊಂಡೆ, ಯಾರೂ 'ಬ್ರೇಕ್' ಅನ್ನಲಿಲ್ಲ

"ಬಾಕ್ಸಿಂಗ್ ಚಾಂಪಿಯನ್ ಎಂಎಂಎಗೆ ಇಳಿದರೆ ಮೂರು ತಿಂಗಳು ನೆಲದ ಪಟ್ಟು ಕಲಿತರೆ ಸಾಕಲ್ವಾ? ಉಳಿದದ್ದನ್ನು ಕೈ ನೋಡಿಕೊಳ್ಳುತ್ತೆ" ಅಂತ ಕೇಳಿದ್ದೀರಿ. (ಎಂಎಂಎ ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾದಾಟ.) ಇದೇ ಮಾತನ್ನು ನಾನು 2015ರ ಡಿಸೆಂಬರಿನಲ್ಲಿ ನಮ್ಮ ಅಣ್ಣನಿಗೆ ಹೇಳಿದ್ದೆ. ಆಗ ನನಗೆ 22 ವರ್ಷ, 64 ಕೆಜಿ, ಏಳು ವರ್ಷದ ಬಾಕ್ಸಿಂಗ್, ರಾಜ್ಯ ಮಟ್ಟದಲ್ಲಿ ಒಂದು ಬೆಳ್ಳಿ. ಚಾಂಪಿಯನ್ ಅಲ್ಲ ಬಿಡಿ. ಸೊಕ್ಕು ಮಾತ್ರ ಚಾಂಪಿಯನ್ನಿನದ್ದೇ.

ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಮೆಲ್ಬರ್ನ್‌ನಲ್ಲಿ ಹಾಲಿ ಹೋಮ್ ಎಂಬಾಕೆ ಎಂಎಂಎ ಪಂದ್ಯದಲ್ಲಿ ರೋಂಡಾ ರೌಸಿಯನ್ನು ಕೆಡವಿದ್ದಳು. ರೌಸಿ 2008ರ ಒಲಿಂಪಿಕ್ಸ್‌ನಲ್ಲಿ ಜೂಡೋ ಕಂಚು ಗೆದ್ದವಳು, ಅಲ್ಲಿಯವರೆಗೆ ಎಂಎಂಎಯಲ್ಲಿ ಸೋತೇ ಇರಲಿಲ್ಲ. ಹೋಮ್ ಬಾಕ್ಸಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದವಳು. ಫೋನಿನಲ್ಲಿ ಆ ವಿಡಿಯೋ ಇಪ್ಪತ್ತು ಸಲವಾದರೂ ನೋಡಿದ್ದೇನೆ. ಆದರೆ ಕಂಡಿದ್ದು ನನಗೆ ಬೇಕಾದಷ್ಟೇ. ಹೋಮ್ ಪಂದ್ಯ ಮುಗಿಸಿದ್ದು ಕುತ್ತಿಗೆಗೆ ಬಿದ್ದ ಎಡಗಾಲಿನ ಒದೆಯಿಂದ! ಅವಳಿಗೆ ಮೊದಲೇ ಕಿಕ್‌ಬಾಕ್ಸಿಂಗ್ ಗೊತ್ತಿತ್ತು, 2011ರಿಂದಲೇ ಎಂಎಂಎ ಪಂದ್ಯ ಆಡುತ್ತಿದ್ದಳು. ಅದ್ಯಾವುದೂ ನನ್ನ ತಲೆಗೆ ಹೋಗಲಿಲ್ಲ. ಬಾಕ್ಸರ್ ಗೆದ್ದಳು, ಅಷ್ಟೇ.

ಬೆಂಗಳೂರಿನ ಒಂದು ಜಿಮ್‌ಗೆ ಸೇರಿದೆ. ಮೂರು ತಿಂಗಳು ಹೆಚ್ಚುಕಮ್ಮಿ ಒಂದೇ ಪಾಠ. ಎದುರಾಳಿ ಕಾಲಿಗೆ ನುಗ್ಗಿದರೆ ನಮ್ಮ ಎರಡೂ ಕಾಲು ಹಿಂದಕ್ಕೆ ಎಸೆದು ಅವನ ಬೆನ್ನ ಮೇಲೆ ಭಾರ ಹಾಕಬೇಕು. ಸ್ಪ್ರಾಲ್ ಅನ್ನುತ್ತಾರೆ. ದಿನಕ್ಕೆ ನೂರು ಸಲ. ಚೆನ್ನಾಗಿಯೇ ಬಂತು. ಮಾರ್ಚಿನಲ್ಲಿ ಒಂದು ಅಮೆಚೂರ್ ಪಂದ್ಯ ಸಿಕ್ಕಿತು. ಎದುರಾಳಿ ದಾವಣಗೆರೆ ಕಡೆಯ ಹುಡುಗ, ಗರಡಿ ಮನೆಯಲ್ಲಿ ಬೆಳೆದವನು. ಅವನಿಗೆ ನೆಟ್ಟಗೆ ಗುದ್ದುವುದೂ ಬರುತ್ತಿರಲಿಲ್ಲ.

ಮೊದಲ ರೌಂಡು ಪೂರ್ತಿ ನನ್ನದು. ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು, ಹಾಕಿದ್ದೆಲ್ಲ ಮೂಗಿಗೆ. ಮೂರು ಸಲ ಕಾಲಿಗೆ ಬಂದ, ಮೂರು ಸಲವೂ ಸ್ಪ್ರಾಲ್ ಮಾಡಿದೆ. ಎರಡನೇ ರೌಂಡಿಗೆ ನನ್ನ ಉಸಿರು ಮುಗಿದಿತ್ತು. ಹನ್ನೆರಡು ರೌಂಡು ಗುದ್ದುವ ಬಾಕ್ಸರಿಗೂ ಆ ಸುಸ್ತು ಹೊಸದು. ಇನ್ನೊಬ್ಬನ ಭಾರ ಹೊತ್ತು ಆಗುವ ಸುಸ್ತು ಅದು. ಆಗ ಬಾಕ್ಸರ್ ಯಾವನೇ ಆದರೂ ಮಾಡುವುದನ್ನೇ ಮಾಡಿದೆ. ಅವನನ್ನು ತಬ್ಬಿಕೊಂಡೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನು ಸೋತಿದ್ದು ಇಲ್ಲೇ. ಅಮೆಚೂರ್ ಬಾಕ್ಸಿಂಗ್‌ನಲ್ಲಿ ರೆಫರಿ ಬಾಯಲ್ಲಿ ಮೂರೇ ಆಜ್ಞೆ: ಬಾಕ್ಸ್, ಸ್ಟಾಪ್, ಬ್ರೇಕ್. ಸುಸ್ತಾಯಿತಾ, ಎದುರಾಳಿಯ ತೋಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಲೆ ಅವನ ಭುಜಕ್ಕೆ ಒರಗಿಸುತ್ತೇವೆ. ಒಂದೆರಡು ಸೆಕೆಂಡು. ಬ್ರೇಕ್ ಅನ್ನುತ್ತಾರೆ, ಇಬ್ಬರೂ ಒಂದು ಹೆಜ್ಜೆ ಹಿಂದೆ. ಅಷ್ಟರಲ್ಲಿ ಎರಡು ಉಸಿರು ಸಿಕ್ಕಿರುತ್ತದೆ. ಏಳು ವರ್ಷದಲ್ಲಿ ಇದನ್ನು ಸಾವಿರಾರು ಸಲ ಮಾಡಿದ್ದೆ. ಮೈಗೆ ಮೈ ತಾಗಿತು ಅಂದರೆ ಸೊಂಟ ಸಡಿಲ, ಕೈ ಸಡಿಲ. ಅದು ನಾನು ಯೋಚಿಸಿ ಮಾಡುತ್ತಿದ್ದುದಲ್ಲ. ಉಪವಾಸದ ದಿನ ಅಪ್ಪಿತಪ್ಪಿ ಚಕ್ಕುಲಿ ಬಾಯಿಗೆ ಹಾಕಿಕೊಳ್ಳುತ್ತೇವಲ್ಲ, ಹಾಗೆ.

ಅವತ್ತು ಯಾರೂ ಬ್ರೇಕ್ ಅನ್ನಲಿಲ್ಲ. ಅವನ ಕಿವಿ ನನ್ನ ಎದೆಗೆ ಒತ್ತಿತ್ತು. ಬೆನ್ನ ಹಿಂದೆ ಅವನ ಎರಡು ಅಂಗೈ ಒಂದಕ್ಕೊಂದು ಕಚ್ಚಿಕೊಂಡಿದ್ದು ಗೊತ್ತಾಯಿತು. ನಾನು ಆಗಲೂ ರೆಫರಿ ಮುಖ ನೋಡುತ್ತಿದ್ದೆ! ಆಮೇಲೆ ನೋಡಿದ್ದು ಚಾವಣಿಯ ಲೈಟು. ಬೀಳುವಾಗ ಬಲಗೈ ನೆಲಕ್ಕೆ ಊರಿದೆ, ಭುಜ ಜಾರಿತು. ತಪ್ಪು ಅಲ್ಲಿಗೂ ನಿಲ್ಲಲಿಲ್ಲ. ಬಾಕ್ಸಿಂಗ್‌ನಲ್ಲಿ ಬಿದ್ದವನನ್ನು ಯಾರೂ ಮುಟ್ಟುವುದಿಲ್ಲ. ಎದುರಾಳಿ ಮೂಲೆಗೆ ಹೋಗುತ್ತಾನೆ, ಎಣಿಕೆ ಶುರುವಾಗುತ್ತದೆ. ಆ ಅಭ್ಯಾಸದಲ್ಲೇ ಮಗ್ಗುಲಾಗಿ ಮಂಡಿಯೂರಿ ಏಳಲು ಹೋದೆ. ಅಂದರೆ ಅವನಿಗೆ ಬೆನ್ನು ಕೊಟ್ಟೆ. ಕುತ್ತಿಗೆಗೆ ತೋಳು ಬಂತು, ಎಡಗೈಯಲ್ಲಿ ಟ್ಯಾಪ್ ಮಾಡಿದೆ, ಅಂದರೆ ಸೋತೆ ಅಂತ ತಟ್ಟಿದೆ. ಭುಜಕ್ಕೆ ಏಳು ತಿಂಗಳು ಹೋಯಿತು. ಆ ವರ್ಷ ಕ್ರೀಡಾ ಕೋಟಾದಲ್ಲಿ ಒಂದು ಕೆಲಸದ ಟ್ರಯಲ್ಸ್ ಇತ್ತು, ಅದೂ ಹೋಯಿತು.

ಜೇಮ್ಸ್ ಟೋನಿಯ ಕಥೆ ನೀವೂ ಕೇಳಿರುತ್ತೀರಿ. ಬಾಕ್ಸಿಂಗ್‌ನ ಮೂರು ತೂಕಗಳಲ್ಲಿ ವಿಶ್ವ ಚಾಂಪಿಯನ್. 2010ರ ಆಗಸ್ಟಿನಲ್ಲಿ ಎಂಎಂಎಗೆ ಇಳಿದಾಗ ಬಾಸ್ಟನ್‌ನಲ್ಲಿ ರ‍್ಯಾಂಡಿ ಕೂಟೂರ್ ಅನ್ನುವ ಕುಸ್ತಿಪಟು ಅವನ ಹಿಮ್ಮಡಿ ಎಳೆದು ಕೆಡವಿದ, ಮೊದಲ ರೌಂಡಿನಲ್ಲೇ ಕತ್ತು ಅಮುಕಿ ಮುಗಿಸಿದ. ನಾನು ಅದನ್ನು ನೋಡಿ "ಹೊಟ್ಟೆ ಬಿಟ್ಟ ಮುದುಕ, ಸ್ಪ್ರಾಲ್ ಕೂಡ ಗೊತ್ತಿಲ್ಲ" ಅಂತ ನಕ್ಕಿದ್ದೆ. ಟೋನಿಗೆ ಆಗ 42, ಕೂಟೂರ್‌ಗೆ 47! ವಯಸ್ಸಿನ ನೆಪ ನಡೆಯುವುದಿಲ್ಲ.

ಕೆಳಗೆ ಕಾಮೆಂಟಿನಲ್ಲಿ ಯಾರಾದರೂ ರೇ ಮರ್ಸರ್ ಹೆಸರು ತಂದೇ ತರುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಹೌದು, ಒಲಿಂಪಿಕ್ಸ್ ಚಿನ್ನದ ಈ ಬಾಕ್ಸರ್ 2009ರಲ್ಲಿ ಯುಎಫ್‌ಸಿ (ಎಂಎಂಎಯ ದೊಡ್ಡ ಪಂದ್ಯಾವಳಿ ಸಂಸ್ಥೆ) ಮಾಜಿ ಚಾಂಪಿಯನ್ ಟಿಮ್ ಸಿಲ್ವಿಯಾನನ್ನು 9 ಸೆಕೆಂಡಿನಲ್ಲಿ ಮಲಗಿಸಿದ. ಸಿಲ್ವಿಯಾ ಕೆಡವುವ ಯೋಚನೆ ಬಿಟ್ಟು ಎದುರಿಗೇ ನಿಂತಿದ್ದ. ಆದರೆ ಅದಕ್ಕೆ ಎರಡು ವರ್ಷ ಮುಂಚೆ ಇದೇ ಮರ್ಸರ್‌ನ ಕುತ್ತಿಗೆ ಹಿಡಿದು ಸೋಲಿಸಿದವನು ಕಿಂಬೋ ಸ್ಲೈಸ್, ಹಿತ್ತಲ ಗುದ್ದಾಟದ ವಿಡಿಯೋಗಳಿಂದ ಹೆಸರಾದವನು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಪಟ್ಟು ಸೇರಿಸಬೇಕು ಅಂತ ಕೇಳುತ್ತಿದ್ದೀರಿ. ಸ್ಪ್ರಾಲ್ ನನಗೆ ಮೂರು ತಿಂಗಳಲ್ಲೇ ಬಂತು. ತಬ್ಬಿಕೊಂಡಾಗ ಕೈ ಸಡಿಲ ಬಿಡುವುದನ್ನು ನಿಲ್ಲಿಸಲು ಒಂದೂವರೆ ವರ್ಷ ಹಿಡಿಯಿತು. ಚಾಂಪಿಯನ್ ಆದರೆ ಕಷ್ಟ ಇನ್ನೂ ಜಾಸ್ತಿ. ಅವನ ಅಭ್ಯಾಸಗಳು ನನ್ನವಕ್ಕಿಂತ ಗಟ್ಟಿ. ಇನ್ನೊಂದು ವಿಷಯ, ಎಂಎಂಎಯ ನಾಲ್ಕು ಔನ್ಸ್‌ನ ಸಣ್ಣ ಗ್ಲೌಸ್ ಮರೆಯಲ್ಲಿ ಮುಖ ಮುಚ್ಚಿಕೊಳ್ಳೋಕೆ ಆಗುವುದಿಲ್ಲ, ಗುದ್ದು ಸಂದಿಯಲ್ಲೇ ಬರುತ್ತದೆ.

ನೀವು ಎಂಎಂಎ ಜಿಮ್‌ಗೆ ಈಗಲೇ ದುಡ್ಡು ಕಟ್ಟಬೇಡಿ. ಒಂದು ವರ್ಷ ಸುಮ್ನೆ ಗರಡಿಗೆ ಹೋಗಿ ಮಣ್ಣಲ್ಲಿ ಬೀಳಿ. ಬೇರೆಯವರು ಬೇರೆ ಹೇಳಬಹುದು, ನಾನಂತೂ ಇದನ್ನೇ ಹೇಳುವುದು. ಭುಜ ಸರಿಹೋದ ಮೇಲೆ ನಾನೂ ಅದನ್ನೇ ಮಾಡಿದೆ. ಮೊದಲ ವಾರ ಹದಿನಾಲ್ಕು ವರ್ಷದ ಹುಡುಗನೊಬ್ಬ ನನ್ನನ್ನು ದಿನಾ ಚಿತ್ ಮಾಡುತ್ತಿದ್ದ, ಆಮೇಲೆ "ಅಣ್ಣಾ, ಹಿಡ್ಕೊಂಡು ನಿದ್ದೆ ಮಾಡ್ತೀಯಲ್ಲ" ಅಂತ ನಗುತ್ತಿದ್ದ.

ನಿಮ್ಮದು ಯಾವ ಊರು ಅಂತ ಬರೆದಿಲ್ಲ. ದಾವಣಗೆರೆ, ಬೆಳಗಾವಿ, ಮೈಸೂರು ಕಡೆ ಆದರೆ ಗರಡಿ ಹುಡುಕುವುದು ಕಷ್ಟವಲ್ಲ. ಹೋಗುವ ಮುಂಚೆ ಉಗುರು ಕತ್ತರಿಸಿಕೊಳ್ಳಿ. ಮೊದಲ ದಿನ ನಾನು ಕತ್ತರಿಸಿರಲಿಲ್ಲ, ಉಸ್ತಾದರು ಬಾಗಿಲಿಂದಲೇ ವಾಪಸ್ ಕಳಿಸಿದರು.