ಶಾಲೆಯ 96 ಮಕ್ಕಳನ್ನು ವಂಡರ್‌ಲಾಗೆ ಕರೆದೊಯ್ಯುವ ಹೊಣೆ ಮೊದಲ ಬಾರಿಗೆ ನನ್ನ ಮೇಲಿದೆ. ಏನನ್ನು ಗಮನಿಸಬೇಕು?

ಎಂಟು ಮತ್ತು ಒಂಬತ್ತನೆಯ ತರಗತಿಯ 96 ಮಕ್ಕಳು, ಎಂಟು ಮಂದಿ ಶಿಕ್ಷಕರು, ಎರಡು ಬಸ್ಸು, ಬಿಡದಿಯ ಆ ಮನರಂಜನಾ ಪಾರ್ಕ್‌ನಲ್ಲಿ ಒಂದು ಇಡೀ ದಿನ ಎಂದು ತಿಳಿಸಿದ್ದೀರಿ. ಗ್ರಾಮೀಣ ಪ್ರೌಢಶಾಲೆಯೊಂದರಲ್ಲಿ ಹಲವು ವರ್ಷ ಪ್ರವಾಸದ ಉಸ್ತುವಾರಿ ವಹಿಸಿದವನಾಗಿ ನನ್ನ ಅನುಭವದಿಂದ ಉತ್ತರಿಸುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಮಕ್ಕಳನ್ನು ಹನ್ನೆರಡರ ಗುಂಪುಗಳಾಗಿ ಮಾಡಿ, ಪ್ರತಿ ಗುಂಪನ್ನು ಒಬ್ಬ ಶಿಕ್ಷಕರ ಹೆಸರಿಗೆ ಬರೆದುಬಿಡಿ. ಆ ಶಿಕ್ಷಕರು ಬೆಳಿಗ್ಗೆ ಶಾಲೆಯ ಅಂಗಳದಿಂದ ರಾತ್ರಿ ಶಾಲೆಯ ಅಂಗಳದವರೆಗೂ ಆ ಹನ್ನೆರಡು ಮಕ್ಕಳಿಗೆ ಹೊಣೆ. 2005ರಲ್ಲಿ ಆರಂಭವಾದ ಆ ಪಾರ್ಕ್ 80 ಎಕರೆಗೂ ಮಿಗಿಲಾದ ಜಾಗದಲ್ಲಿ ಹರಡಿಕೊಂಡಿದೆ. ‘ಎಲ್ಲರೂ ಎಲ್ಲರನ್ನೂ ನೋಡಿಕೊಳ್ಳೋಣ’ ಎಂದುಕೊಂಡರೆ ಅಷ್ಟು ವಿಸ್ತಾರದಲ್ಲಿ ಯಾರೂ ಯಾರನ್ನೂ ನೋಡಿಕೊಂಡಂತಾಗುವುದಿಲ್ಲ.

ತಲೆ ಎಣಿಸುವುದನ್ನು ಮಾತ್ರ ನಂಬಬೇಡಿ, ಹೆಸರು ಕೂಗಿ. ನಾನು ಇದನ್ನು ಕಲಿತದ್ದು ನಮ್ಮದೇ ತಪ್ಪಿನಿಂದ. ಒಂದು ವರ್ಷ ಪಾರ್ಕ್‌ನಿಂದ ಹೊರಡುವಾಗ ಮೊದಲ ಬಸ್ಸಿನಲ್ಲಿ ಎಣಿಕೆ ಸರಿಯಾಗಿತ್ತು, ಎರಡನೆಯದರಲ್ಲಿ ಒಂದು ತಲೆ ಕಡಿಮೆಯಿತ್ತು. ಆ ಹುಡುಗ ಗೆಳೆಯನ ಜೊತೆ ಕೂರಲು ಮೊದಲ ಬಸ್ಸಿಗೆ ಹೋಗಿದ್ದಾನೆ ಎಂದು ಮಕ್ಕಳು ಹೇಳಿದರು. ಅದು ನಿಜವೂ ಆಗಿತ್ತು. ಆದರೆ ಅವನು ಹೋಗಿ ಕುಳಿತದ್ದರಿಂದಲೇ ಮೊದಲ ಬಸ್ಸಿನ ಎಣಿಕೆ ಸರಿಹೊಂದಿತ್ತು. ಅಲ್ಲಿ ಇರಬೇಕಾದ ಮತ್ತೊಬ್ಬ ಹುಡುಗ ಆಗ ಶೌಚಾಲಯದಲ್ಲಿದ್ದ. ಇಪ್ಪತ್ತು ಕಿಲೋಮೀಟರ್ ದಾಟಿದ ಮೇಲೆ ನಮಗೆ ಗೊತ್ತಾಯಿತು. ಮರಳಿ ಹೋದಾಗ ಅವನು ಗೇಟಿನ ಕಾವಲುಗಾರರ ಕುರ್ಚಿಯ ಮೇಲೆ ಕುಳಿತಿದ್ದ, ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಅಂದಿನಿಂದ ಪ್ರತಿ ಶಿಕ್ಷಕರೂ ತಮ್ಮ ಪಟ್ಟಿ ಹಿಡಿದು, ಹೆಸರು ಕೂಗಿ, ಮುಖ ನೋಡಿಯೇ ಗುರುತು ಹಾಕುತ್ತಾರೆ. ಎಂಟೂ ಪಟ್ಟಿಗಳು ನನ್ನ ಕೈಗೆ ಬಾರದೆ ಚಾಲಕರು ಬಸ್ಸು ಚಾಲೂ ಮಾಡುವುದಿಲ್ಲ.

ಹೊರಡುವ ಹಿಂದಿನ ವಾರ ಎರಡು ಕೆಲಸಗಳಿವೆ. ಮೊದಲನೆಯದು ಎತ್ತರ ಅಳೆಯುವುದು. ರೈಡ್‌ಗಳಿಗೆ ವಯಸ್ಸಿಗಿಂತ ಎತ್ತರ ಮುಖ್ಯ. ಭಾರಿ ರೈಡ್‌ಗಳಲ್ಲಿ ಹಲವಕ್ಕೆ 140 ಸೆಂ.ಮೀ. ಇರಬೇಕು. ಎಂಟನೆಯ ತರಗತಿಯಲ್ಲಿ ಆ ಗುರುತನ್ನು ಮುಟ್ಟದ ಮಕ್ಕಳು ಖಂಡಿತ ಇರುತ್ತಾರೆ. ಬಿಸಿಲಿನಲ್ಲಿ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು, ಗೆಳೆಯರ ಎದುರಿನಲ್ಲಿ ಅಳತೆ ಕೋಲಿನ ಬಳಿ ವಾಪಸ್ ಕಳಿಸಲ್ಪಟ್ಟ ಮಗುವಿನ ಮುಖವನ್ನು ನಾನು ಒಮ್ಮೆ ನೋಡಿದ್ದೇನೆ, ಅದು ಇಂದಿಗೂ ಮರೆಯಾಗಿಲ್ಲ. ಶಾಲೆಯಲ್ಲೇ ಅಳೆದು, ಅಂತಹ ಮಕ್ಕಳಿಗೆ ಪ್ರತ್ಯೇಕವಾಗಿ ತಿಳಿಸಿ, ಅವರು ಆಡಬಹುದಾದ ರೈಡ್‌ಗಳನ್ನು ಅವರ ಜೊತೆ ಕುಳಿತೇ ಗುರುತು ಮಾಡಿಟ್ಟುಕೊಳ್ಳಿ. ಇದರ ಜೊತೆಗೆ ಒಪ್ಪಿಗೆ ಪತ್ರದಲ್ಲಿ ಮೂರ್ಛೆ, ಆಸ್ತಮಾ, ಹೃದಯದ ತೊಂದರೆ, ಇತ್ತೀಚಿನ ಶಸ್ತ್ರಚಿಕಿತ್ಸೆಗಳ ಬಗ್ಗೆ ಪೋಷಕರಿಂದ ಸ್ಪಷ್ಟವಾಗಿ ಬರೆಸಿಕೊಳ್ಳಿ.

ಎರಡನೆಯದು ಬಟ್ಟೆಯ ವಿಷಯ. ನೀರಿನ ಆಟಗಳಿಗೆ ಹತ್ತಿಯ ಬಟ್ಟೆಯನ್ನು ಬಿಡುವುದಿಲ್ಲ, ನೈಲಾನ್ ಅಥವಾ ಸಿಂಥೆಟಿಕ್ ಬಟ್ಟೆಯೇ ಬೇಕು. ಹತ್ತಿ ನೀರು ಹೀರಿ ಭಾರವಾಗುತ್ತದೆ, ಅದರ ಎಳೆಗಳು ಕೊಳದ ನೀರು ಸೋಸುವ ಫಿಲ್ಟರ್‌ಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಹಳ್ಳಿಯ ಹೆಣ್ಣುಮಕ್ಕಳ ಮನೆಗಳಲ್ಲಿ ಈ ಮಾತು ಮುಜುಗರ ತರುತ್ತದೆ. ಆದ್ದರಿಂದ ಪೋಷಕರ ಸಭೆಯಲ್ಲಿ ಶಿಕ್ಷಕಿಯೊಬ್ಬರಿಂದಲೇ, ತುಂಬುತೋಳಿನ ಸಿಂಥೆಟಿಕ್ ಟಿ-ಶರ್ಟ್ ಮತ್ತು ಟ್ರ್ಯಾಕ್ ಪ್ಯಾಂಟ್ ಹಾಕಿಸಬಹುದು ಎಂದು ಹೇಳಿಸಿ. ಆ ದಿನ ಮುಟ್ಟಾಗುವ ಹುಡುಗಿಯರು ಇದ್ದೇ ಇರುತ್ತಾರೆ. ಪ್ಯಾಡ್‌ಗಳು ಶಿಕ್ಷಕಿಯರ ಚೀಲದಲ್ಲಿರಲಿ.

ಈಗ ನೀರಿನ ಮಾತು. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಹೋಗಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ತೀರಿಕೊಂಡದ್ದನ್ನು ನಾವು ಶಿಕ್ಷಕರು ಮರೆಯಬಾರದು. ಕಡಲೂ ಪಾರ್ಕ್‌ನ ಕೊಳವೂ ಒಂದೇ ಅಲ್ಲ, ಪಾರ್ಕ್‌ನಲ್ಲಿ ಜೀವರಕ್ಷಕರಿರುತ್ತಾರೆ. ಆದರೆ ನೂರಾರು ತಲೆಗಳ ನಡುವೆ ನಿಮ್ಮ ಮಗು ಯಾವುದೆಂದು ಅವರಿಗೆ ಗೊತ್ತಿರುವುದಿಲ್ಲ. ಮುಳುಗುತ್ತಿರುವವರು ಕೂಗಿಕೊಳ್ಳುತ್ತಾರೆ, ಕೈ ಬೀಸುತ್ತಾರೆ ಎಂದು ನಾವು ಭಾವಿಸುತ್ತೇವೆ. ಉಸಿರಿಗೇ ತತ್ವಾರವಾದಾಗ ಕೂಗುವುದು ಸಾಧ್ಯವಾಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ, ಕೈಗಳು ನೀರನ್ನು ಅದುಮುತ್ತಿರುತ್ತವೆ, ಅರ್ಧದಿಂದ ಒಂದು ನಿಮಿಷದೊಳಗೆ ಎಲ್ಲ ಮುಗಿಯಬಹುದು. ಪಕ್ಕದವರಿಗೆ ಅದು ಆಟದಂತೆಯೇ ಕಾಣುತ್ತದೆ. ಆದ್ದರಿಂದ ಯಂತ್ರದಿಂದ ಅಲೆ ಎಬ್ಬಿಸುವ ಕೊಳಕ್ಕೆ (ವೇವ್ ಪೂಲ್) ಒಮ್ಮೆಗೆ ನಾಲ್ಕು ಗುಂಪುಗಳನ್ನು ಮಾತ್ರ ಬಿಡಿ. ಎಲ್ಲರಿಗೂ ಒಂದೇ ಗಾಢ ಬಣ್ಣದ ಈಜು ಟೋಪಿ ಹಾಕಿಸಿ. ಸೊಂಟದ ಆಳ ದಾಟಬಾರದು ಎಂಬ ಗೆರೆಯನ್ನು ಶಿಕ್ಷಕರೇ ನೀರಿನಲ್ಲಿ ಸಾಲಾಗಿ ನಿಂತು ತೋರಿಸಲಿ. ದಡದಲ್ಲಿ ನಿಲ್ಲುವ ಇಬ್ಬರು ಶಿಕ್ಷಕರಿಗೆ ನೋಡುವುದನ್ನು ಬಿಟ್ಟು ಬೇರೆ ಕೆಲಸವಿರಬಾರದು: ಫೋಟೊ ತೆಗೆಯುವುದಾಗಲಿ, ಚೀಲ ಕಾಯುವುದಾಗಲಿ ಅವರದಲ್ಲ. ಅಲೆ ಶುರುವಾದೊಡನೆ ಮಕ್ಕಳು ಹುರುಪಿನಿಂದ ಅಲೆ ಹುಟ್ಟುವ ಕಡೆಗೇ, ಅಂದರೆ ಆಳದ ಕಡೆಗೇ ನುಗ್ಗುತ್ತಾರೆ. ಅಲೆ ಏಳುವ ಆ ಕೆಲವು ನಿಮಿಷಗಳೇ ನಿಮ್ಮ ಇಡೀ ದಿನದಲ್ಲೇ ಅತ್ಯಂತ ಎಚ್ಚರದ ಹೊತ್ತು.

ಒಣ ರೈಡ್‌ಗಳನ್ನು ಬೆಳಿಗ್ಗೆ ಮುಗಿಸಿ, ಊಟವಾದ ಮೇಲೆ ಒಂದು ಗಂಟೆ ನಿಧಾನದ ಆಟಗಳಲ್ಲಿ ಕಳೆದು, ನೀರನ್ನು ಕೊನೆಗೆ ಇಟ್ಟುಕೊಳ್ಳಿ. ತೊಂಬತ್ತಾರು ಮಕ್ಕಳು ಒದ್ದೆ ಬಟ್ಟೆ ಬದಲಿಸಿ, ಲಾಕರ್ ಖಾಲಿ ಮಾಡಿ, ಕಳೆದ ಒಂದು ಚಪ್ಪಲಿಯನ್ನು ಹುಡುಕಿ ಹೊರಬರಲು ಒಂದು ಗಂಟೆ ಹಿಡಿಯುತ್ತದೆ. ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೆದರುವ ಮಗುವನ್ನು ಯಾವ ಕಾರಣಕ್ಕೂ ರೈಡ್ ಹತ್ತಿಸಬೇಡಿ, ಹತ್ತಿಸಲು ಗೆಳೆಯರಿಗೂ ಬಿಡಬೇಡಿ. ಪ್ರತಿ ಗುಂಪಿನಲ್ಲಿ ಅಂತಹ ಒಬ್ಬರಾದರೂ ಇರುತ್ತಾರೆ, ಅವರ ಪಕ್ಕದಲ್ಲಿ ಕುಳಿತು ಮಾತನಾಡುವುದೂ ನಮ್ಮ ಕರ್ತವ್ಯವೇ. ಹಣ ಹೊಂದಿಸಲಾಗದೆ ಹೆಸರು ಕೊಡದ ಮಕ್ಕಳು ನಿಮ್ಮ ತರಗತಿಯಲ್ಲಿದ್ದರೆ, ಇನ್ನೂ ಸಮಯವಿರುವಾಗಲೇ ಮುಖ್ಯೋಪಾಧ್ಯಾಯರೊಂದಿಗೆ ಮಾತನಾಡಿ. ಹಳೆಯ ವಿದ್ಯಾರ್ಥಿಗಳನ್ನು ಕೇಳಿದರೆ ನಾಲ್ಕೈದು ಮಕ್ಕಳ ಖರ್ಚು ಹೊಂದುವುದು ಕಷ್ಟವಲ್ಲ.

ರಾತ್ರಿ ಶಾಲೆ ತಲುಪಿದ ಮೇಲೆ ಪ್ರತಿ ಮಗುವನ್ನೂ ಮನೆಯವರ ಕೈಗೆ ಒಪ್ಪಿಸಿ, ಅದೇ ಪಟ್ಟಿಯಲ್ಲಿ ಅವರ ಸಹಿ ಪಡೆಯಿರಿ. ಮನೆಯವರು ಬಾರದ ಮಕ್ಕಳನ್ನು ಊರಿನವರ ಜೊತೆ ಸೇರಿಸಿ ಕಳಿಸುವ ಅಭ್ಯಾಸ ನಮ್ಮಲ್ಲಿದೆ. ಮನೆಗೆ ಫೋನ್ ಮಾಡಿ ಒಪ್ಪಿಗೆ ಕೇಳದೆ ಹಾಗೆ ಕಳಿಸಬೇಡಿ. ಇದಕ್ಕೆ ಇನ್ನೂ ಅರ್ಧ ಗಂಟೆ ಬೇಕಾಗುತ್ತದೆ ಎಂದು ಸಹೋದ್ಯೋಗಿಗಳಿಗೆ ಬೆಳಿಗ್ಗೆಯೇ ತಿಳಿಸಿಡಿ.