ಮೂತ್ರ ಕಟ್ಟಿದ ರಾತ್ರಿ ನಾನು ಬಾರ್ಲಿ ನೀರು ಕುಡಿದೆ

ತಂದೆಗೆ 66 ವರ್ಷ, ಮೂತ್ರ ತಡೆದು ತಡೆದು ಬರುತ್ತದೆ, ಆಪರೇಶನ್ ಅಂದರೆ ಹೆದರುತ್ತಾರೆ, ಚೆನ್ನಾಗಿ ಇಳಿಯಲು ಮನೆಮದ್ದು ಯಾವುದು, ಬಾರ್ಲಿ ನೀರು ಕೊಡಲಾ ಅಂತ ಕೇಳಿದ್ದೀರಿ. ಬಾರ್ಲಿ ಅನ್ನುವ ಶಬ್ದ ಓದಿದ ಕೂಡಲೇ ನನ್ನ ಕೆಳಹೊಟ್ಟೆ ಒಮ್ಮೆ ಬಿಗಿಯಿತು. ಯಾಕೆ ಅಂತ ಹೇಳುತ್ತೇನೆ.

ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ತೋಟ ಇರುವವನು. 2022ರ ಜುಲೈ, ನನಗಾಗ 61. ತೋಟಕ್ಕೆ ಎರಡನೇ ಸಲದ ಮದ್ದು ಬಿಡುವ ಸಮಯ. ಗೊತ್ತಿಲ್ಲದವರಿಗೆ ಹೇಳುವುದಾದರೆ ಮೈಲುತುತ್ತು (ನೀಲಿ ಬಣ್ಣದ ತಾಮ್ರದ ಲವಣ) 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಕೊಳೆರೋಗ ಬಾರದ ಹಾಗೆ ಅಡಿಕೆ ಗೊನೆಗೆ ಬಿಡುವ ಮದ್ದು ಇದು. ಮಳೆ ಹಿಡಿಯುವ ಮೊದಲು ಒಮ್ಮೆ, ಆಮೇಲೆ 40-45 ದಿನಕ್ಕೆ ಇನ್ನೊಮ್ಮೆ. ಮರ ಹತ್ತುವವರು ಸಿಗುವುದೇ ಕಷ್ಟ, ಸಿಕ್ಕಿದ ದಿನ ಬಿಡುವ ಹಾಗಿಲ್ಲ. ಎರಡು ದಿನ ಡ್ರಮ್ಮಿನ ಹತ್ತಿರ ನಿಂತು ಮದ್ದು ಕಲಸಿದೆ, ಮಳೆಗೆ ನೆನೆದೆ, ಶೀತ ಹಿಡಿಯಿತು. ಮೆಡಿಕಲ್ ಶಾಪಿನಿಂದ ಶೀತದ ಮಾತ್ರೆ ತಂದು ದಿನಕ್ಕೆ ಮೂರರಂತೆ ನುಂಗಿದೆ. ಮೂಗು ಸೋರುವುದು ನಿಂತಿತು. ಮೂರನೇ ದಿನ ರಾತ್ರಿ ಕೆಳಗೂ ನಿಂತಿತು.

ಅದಕ್ಕೆ ಮೊದಲೇ ಎರಡು ವರ್ಷದಿಂದ ನನಗೆ ನಿಮ್ಮ ತಂದೆಯ ಹಾಗೆಯೇ ಇತ್ತು. ನಿಂತರೆ ಶುರುವಾಗಲು ಹೊತ್ತು ಬೇಕು, ಧಾರೆ ಸಣ್ಣ, ಮುಗಿಯಿತು ಅಂದುಕೊಂಡು ಬಂದರೆ ಮುಗಿದಿಲ್ಲ, ರಾತ್ರಿ ಮೂರು ಸಲ ಏಳಬೇಕು. ವಯಸ್ಸಾಯಿತು ಅಂತ ಸುಮ್ನಿದ್ದೆ. ಹೆಂಡತಿಗೂ ಹೇಳಿರಲಿಲ್ಲ. ಇದೆಲ್ಲ ಹೇಳುವ ವಿಷಯವಾ ಅನ್ನುವ ನಾಚಿಕೆ.

ಆ ರಾತ್ರಿ ಎಂಟಕ್ಕೆ ಹೋದಾಗ ನಾಲ್ಕು ಹನಿ. ಹತ್ತಕ್ಕೆ ಎರಡು ಹನಿ. ಹನ್ನೊಂದಕ್ಕೆ ಏನೂ ಇಲ್ಲ. ಹೆಂಡತಿಗೆ ಹೇಳಿದೆ. ಅವಳು ಬಾರ್ಲಿ ಬೇಯಿಸಿ ಮೂರು ಲೋಟ ಕೊಟ್ಟಳು. ಭಾವನಿಗೆ ಫೋನ್ ಮಾಡಿದರೆ ನೆಗ್ಗಿನಮುಳ್ಳಿನ ಕಷಾಯ ಕುಡಿ ಅಂದ. ಮನೆಯಲ್ಲಿ ಇತ್ತು, ಕುಡಿದೆ. ಎರಡು ಗಂಟೆಗೆ ಎರಡು ಬೊಂಡ (ಎಳನೀರು) ಕೆತ್ತಿಸಿ ಕುಡಿದೆ. ನಳ್ಳಿ ಬಿಟ್ಟು ನೀರಿನ ಶಬ್ದ ಕೇಳುತ್ತಾ ಬಚ್ಚಲಲ್ಲಿ ಕೂತೆ. ಬಿಸಿನೀರಿನ ಬಟ್ಟೆ ಇಟ್ಟೆ. ಒಂದು ಹನಿ ಬರಲಿಲ್ಲ. ಹೊಕ್ಕುಳಿನ ಕೆಳಗೆ ಚಕ್ಕೋತ ಇಟ್ಟ ಹಾಗೆ ಉಬ್ಬಿತ್ತು, ಮುಟ್ಟಿದರೆ ಕಣ್ಣಲ್ಲಿ ನೀರು.

ನನ್ನ ತಪ್ಪು ಇಲ್ಲಿದೆ, ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬೇಜಾರು ಮಾಡಬೇಡಿ. 'ಮೂತ್ರ ಬರುತ್ತಿಲ್ಲ' ಅನ್ನುವ ಮಾತಿಗೆ ಎರಡು ಅರ್ಥ. ಒಂದು, ಒಳಗೆ ಮೂತ್ರವೇ ಕಡಿಮೆ. ಬಿಸಿಲಲ್ಲಿ ದುಡಿದು ನೀರು ಕುಡಿಯದಿದ್ದರೆ ಹಳದಿ ಬಣ್ಣಕ್ಕೆ ಸ್ವಲ್ಪ ಸ್ವಲ್ಪ ಉರಿದುಕೊಂಡು ಬರುತ್ತದಲ್ವಾ, ಅದು. ಅದಕ್ಕೆ ಬಾರ್ಲಿ, ಬೊಂಡ ಎಲ್ಲ ಸರಿ. ಇನ್ನೊಂದು, ಒಳಗೆ ತುಂಬಿ ತುಳುಕುತ್ತಿದೆ, ಹೊರಗೆ ಬರಲು ದಾರಿ ಇಲ್ಲ. ನನ್ನದು ಇದು. ನಾನು ಕುಡಿದದ್ದೆಲ್ಲ ಮೂತ್ರ ಹೆಚ್ಚು ಮಾಡುವ ಮದ್ದು, ದಾರಿ ಬಿಡಿಸುವ ಮದ್ದಲ್ಲ. ಮದ್ದು ಬಿಡುವಾಗ ಪೈಪಿನ ತುದಿಯ ನೋಸಲ್ ಕಟ್ಟಿದರೆ ಯಾರಾದರೂ ಪಂಪು ಜೋರು ಒತ್ತುತ್ತಾರಾ? ಒತ್ತಿದರೆ ಪೈಪು ಒಡೆಯುತ್ತದೆ. ಮೂವತ್ತು ವರ್ಷದಿಂದ ಕೆಲಸದವರಿಗೆ ಇದನ್ನೇ ಹೇಳಿ ಬೈದವನು ನಾನು. ಅದೇ ವಾರ ನನ್ನ ಮೈಗೇ ಪಂಪು ಒತ್ತಿದೆ. ಲೆಕ್ಕ ಹಾಕಿದರೆ ಒಂದೂವರೆ ಲೀಟರಿಗೆ ಕಡಿಮೆ ಇಲ್ಲ.

ಅದರ ಮೇಲೆ ಇನ್ನೊಂದು ಮೂರ್ಖತನ. ನಮ್ಮ ಕಾಸರಗೋಡಿನವರಿಗೆ ಒಂದು ಚಾಳಿ ಇದೆ, ಕಾಯಿಲೆ ಅಂದರೆ ಬೆಳಗಾಗಲಿ, ಮಂಗಳೂರಿಗೆ ಹೋಗೋಣ ಅಂತ. 50 ಕಿಲೋಮೀಟರ್ ಹತ್ತಿರ. ಆರು ಗಂಟೆಗೆ ಹೊರಟೆವು, ಮಗ ಕಾರು ಬಿಟ್ಟ. ಕುಂಬಳೆ ದಾಟಿದ ಮೇಲೆ ಹೆದ್ದಾರಿ ಅಗಲ ಮಾಡುವ ಕೆಲಸ, ಬರೀ ಹೊಂಡ. ಒಂದೊಂದು ಹೊಂಡಕ್ಕೂ ನಾನು ಮಗನಿಗೆ ಬೈದೆ, ಪಾಪ. ಉಪ್ಪಳದಲ್ಲಿ ಇನ್ನು ಆಗುವುದಿಲ್ಲ ಅಂದೆ. ಅಲ್ಲಿ ಸಣ್ಣ ಆಸ್ಪತ್ರೆಯೊಂದಕ್ಕೆ ಹೊಕ್ಕೆವು.

ಅಲ್ಲಿದ್ದ ಬ್ರದರ್ (ಗಂಡು ನರ್ಸ್) ನನ್ನ ಕೈ ನೋಡಿ ಮೊದಲು ಹೆದರಿದ. ಉಗುರೆಲ್ಲ ನೀಲಿ! ಉಸಿರಾಟದ ತೊಂದರೆ ಅಂತ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು ಸಿಕ್ಕಿಸಿದ. ಅದು ಮೈಲುತುತ್ತು ಮಾರಾಯ, ಕೆಳಗೆ ನೋಡು ಅಂದೆ. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ಮಲಯಾಳದಲ್ಲಿ 'ಮೂತ್ರತಡಸ್ಸಂ' ಅಂದರು. ತಡಸ್ಸಂ ಅಂದರೆ ಅಡ್ಡಿ. ಆ ಶಬ್ದ ನನ್ನ ತಲೆಗೆ ಹಿಂದಿನ ರಾತ್ರಿ ಹೊಳೆದಿದ್ದರೆ ಬಾರ್ಲಿ ಒಲೆಯ ಮೇಲೆ ಏರುತ್ತಿರಲಿಲ್ಲ. ಬ್ರದರ್ ಮರಗಟ್ಟಿಸುವ ಜೆಲ್ ಹಾಕಿ ಟ್ಯೂಬ್ ಇಳಿಸಿದ. ಐದು ನಿಮಿಷದ ಕೆಲಸ. ಚೀಲದಲ್ಲಿ 1300 ಮಿಲಿ ಬಂತು. ಸಾಮಾನ್ಯವಾಗಿ 400-500 ತುಂಬಿದರೆ ಹೋಗದೆ ಕೂರಲು ಆಗುವುದಿಲ್ಲ. ಆ ಹೊತ್ತಿನ ಸುಖ ಬರೆದು ತಿಳಿಸಲು ನನ್ನಿಂದಾಗದು.

'ಇಷ್ಟಕ್ಕೆ ಮಂಗಳೂರು ಯಾಕೆ, ನಿಮ್ಮ ಹತ್ತಿರದ ಆಸ್ಪತ್ರೆಯಲ್ಲೇ ರಾತ್ರಿ ಹನ್ನೊಂದಕ್ಕೆ ಮಾಡುತ್ತಿದ್ದರಲ್ಲ' ಅಂದರು ಡಾಕ್ಟರಮ್ಮ. ಯಾವ ಮಾತ್ರೆ ತೆಗೆದುಕೊಂಡಿರಿ ಅಂತ ಕೇಳಿದರು. ಮಗ ಜೇಬಿನಿಂದ ಶೀತದ ಮಾತ್ರೆಯ ಹಾಳೆ ತೆಗೆದ. ಅದರಲ್ಲಿ ಕ್ಲೋರ್‌ಫೆನಿರಮೈನ್, ಫೆನೈಲ್‌ಎಫ್ರಿನ್ ಎರಡೂ ಇದ್ದವು. ಮೊದಲನೆಯದು ಮೂತ್ರಕೋಶದ ಸ್ನಾಯು ಹಿಂಡುವ ಬಲ ಕಡಿಮೆ ಮಾಡುತ್ತದೆ. ಎರಡನೆಯದು ಕೋಶದ ಬಾಯಿ ಬಿಗಿಯುತ್ತದೆ. ಮೂತ್ರನಾಳದ ಸುತ್ತ ಇರುವ ಪ್ರಾಸ್ಟೇಟ್ ಗ್ರಂಥಿ ಊದಿ ಮೊದಲೇ ದಾರಿ ಕಿರಿದಾದವನಿಗೆ ಬೇರೇನು ಬೇಕು?

ರಾತ್ರಿಯೇ ಹೋಗಿದ್ದರೆ ಎರಡು ಮೂರು ದಿನದಲ್ಲಿ ಟ್ಯೂಬ್ ತೆಗೆಯಬಹುದಿತ್ತು. ನನ್ನ ಮೂತ್ರಕೋಶ ಹಳೇ ಸೈಕಲ್ ಟ್ಯೂಬಿನ ರಬ್ಬರ್ ಎಳೆದ ಹಾಗೆ ಹಿಗ್ಗಿಹೋಗಿತ್ತು. ಮೂರನೇ ದಿನ ತೆಗೆದರು, ಮೂತ್ರ ಬರಲಿಲ್ಲ, ಪುನಃ ಹಾಕಿದರು. ಮತ್ತೆರಡು ವಾರ ಕಾಲಿಗೆ ಚೀಲ ಕಟ್ಟಿಕೊಂಡು ಜಗಲಿಯಲ್ಲಿ ಕೂತೆ. ಮರ ಹತ್ತುವವರು ಬೇರೆ ತೋಟಕ್ಕೆ ಹೋದರು. ಮದ್ದು ಬಿಡದ ಅರ್ಧ ತೋಟದಲ್ಲಿ ಕೊಳೆ ಬಂದು ಅಡಿಕೆ ಟಪಟಪ ಬೀಳುವುದು ಜಗಲಿಗೇ ಕೇಳುತ್ತಿತ್ತು.

ಈಗ ನಿಮ್ಮ ತಂದೆಯ ವಿಷಯ. ಮನೆಮದ್ದಾ ಆಪರೇಶನ್ನಾ ಅಂತ ಕೇಳಿದ್ದೀರಿ, ಆ ಪ್ರಶ್ನೆಯೇ ಸರಿ ಇಲ್ಲ ಅಂತ ನನ್ನ ಅಭಿಪ್ರಾಯ. ಮೊದಲು ಯಾಕೆ ಕಟ್ಟುತ್ತಿದೆ ಅಂತ ಗೊತ್ತಾಗಬೇಕು. ಈ ವಯಸ್ಸಿಗೆ ಹೆಚ್ಚಾಗಿ ಪ್ರಾಸ್ಟೇಟ್. ಆದರೆ ಕಲ್ಲು ಇರಬಹುದು, ನಾಳ ಕಿರಿದಾಗಿರಬಹುದು, ಸೋಂಕು ಇರಬಹುದು. ಸಕ್ಕರೆ ಕಾಯಿಲೆ ಹಳೆಯದಾದರೆ ನರ ಸೋತು ಮೂತ್ರಕೋಶಕ್ಕೆ ತುಂಬಿದ್ದೇ ತಿಳಿಯುವುದಿಲ್ಲ. ಮಲಬದ್ಧತೆಯೂ ಒತ್ತುತ್ತದೆ. ಒಂದು ಸ್ಕ್ಯಾನ್ ಮಾಡಿಸಿ, ಮೂತ್ರ ಹೊಯ್ದ ಮೇಲೆ ಒಳಗೆ ಎಷ್ಟು ಉಳಿಯುತ್ತದೆ ಅಂತ ನೋಡಲು ಹೇಳಿ. ನನಗೆ ಟ್ಯೂಬ್ ತೆಗೆದ ಮೇಲೆ 180 ಮಿಲಿ ಉಳಿಯುತ್ತಿತ್ತು, ಈಗ 60.

ಅದು ಇಳಿದದ್ದು ರಾತ್ರಿ ಊಟದ ಮೇಲೆ ನುಂಗುವ ಟ್ಯಾಮ್ಸುಲೋಸಿನ್ ಮಾತ್ರೆಯಿಂದ, ಜೊತೆಗೆ ಕೆಲವು ಅಭ್ಯಾಸದಿಂದ. ಆ ಮಾತ್ರೆ ಕೋಶದ ಬಾಯಿ ಸಡಿಲಿಸುತ್ತದೆ. ಶುರುವಿಗೆ ಎದ್ದು ನಿಂತರೆ ತಲೆ ತಿರುಗಬಹುದು. ಕಣ್ಣಿನ ಪೊರೆ ಆಪರೇಶನ್ ಇದ್ದರೆ ಇದನ್ನು ನುಂಗುತ್ತಿರುವ ವಿಷಯ ಕಣ್ಣಿನ ಡಾಕ್ಟರಿಗೆ ಮರೆಯದೆ ಹೇಳಬೇಕು. ಅಭ್ಯಾಸ ಅಂದರೆ ಇಷ್ಟೇ. ಅವಸರ ಮಾಡದೆ ಕೂತು ಮೂತ್ರ ಮಾಡುವುದು. ಮುಗಿದ ಮೇಲೆ ಅರ್ಧ ನಿಮಿಷ ಹಾಗೇ ಕೂತು ಇನ್ನೊಮ್ಮೆ ನೋಡುವುದು, ನನಗೆ ಎರಡನೇ ಸಲ ಯಾವಾಗಲೂ ಸ್ವಲ್ಪ ಬರುತ್ತದೆ. ಮೂರು ನಾಲ್ಕು ಗಂಟೆಗೊಮ್ಮೆ ಬರಲಿ ಬಾರದಿರಲಿ ಹೋಗುವುದು. ನೀರು ಹಗಲು ಸರಿಯಾಗಿ ಕುಡಿದು, ಮಲಗುವ ಎರಡು ಗಂಟೆ ಮೊದಲು ನಿಲ್ಲಿಸುವುದು. ಸಂಜೆಯ ಚಾ ಬಿಟ್ಟೆ, ಅದು ಮಾತ್ರ ಕಷ್ಟವಾಯಿತು. ಸೊಪ್ಪು, ಬಾಳೆಹಣ್ಣು ತಿಂದು ಹೊಟ್ಟೆ ಕಟ್ಟದ ಹಾಗೆ ನೋಡಿಕೊಳ್ಳುವುದು. ನೈಸರ್ಗಿಕ ಅಂದರೆ ನನ್ನ ಮಟ್ಟಿಗೆ ಇವು.

ಆನ್‌ಲೈನಿನಲ್ಲಿ ಸಾ ಪಾಲ್ಮೆಟೊ ಅಂತ ದುಬಾರಿ ಗುಳಿಗೆ ಸಿಗುತ್ತದೆ, ಮಗ ತರಿಸಿದ್ದ. ಅದೂ ತಾಳೆ ಜಾತಿ, ನಮ್ಮ ಅಡಿಕೆಯ ದೂರದ ನೆಂಟ. ಮದ್ದೇ ಇಲ್ಲದ ಸುಳ್ಳು ಗುಳಿಗೆಯ ಜೊತೆ ಇಟ್ಟು ಪರೀಕ್ಷೆ ಮಾಡಿದವರಿಗೆ ದೊಡ್ಡ ವ್ಯತ್ಯಾಸ ಸಿಕ್ಕಿಲ್ಲ. ನೆಂಟಸ್ತಿಕೆಗಾಗಿ ದುಡ್ಡು ಹಾಕಬೇಡಿ.

ಆಪರೇಶನ್ ನನಗೆ ಇದುವರೆಗೆ ಬೇಕಾಗಲಿಲ್ಲ. ಬೇಕು ಅಂದರೆ ಮಾಡಿಸುತ್ತೇನೆ, ಹೊಟ್ಟೆ ಕೊಯ್ಯದೆ ಮೂತ್ರದ ದಾರಿಯಿಂದಲೇ ಮಾಡುತ್ತಾರೆ. ಹೆದರಬೇಕಾದ್ದು ಪೂರ್ತಿ ನಿಂತಾಗ. ಹೊಟ್ಟೆ ಉಬ್ಬಿ ಒಂದು ಹನಿಯೂ ಬಾರದಿದ್ದರೆ ಲೋಟ ಕೆಳಗಿಟ್ಟು ಹತ್ತಿರದ ಆಸ್ಪತ್ರೆಗೆ ಹೊರಡಿ, ರಾತ್ರಿಯಾದರೂ ಸರಿ. ಜೊತೆಗೆ ಸೊಂಟ ನೋವು, ಕಾಲಿಗೆ ಬಲ ಇಲ್ಲ, ತೊಡೆಸಂದಿ ಮರಗಟ್ಟಿದೆ ಅಂದರೆ ಅದು ಬೆನ್ನುಹುರಿಯ ಸಮಸ್ಯೆ ಇರಬಹುದು, ಒಂದು ಗಂಟೆಯೂ ಕಾಯಬೇಡಿ.

ಇವತ್ತು ರಾತ್ರಿ ತಂದೆಯ ಮಾತ್ರೆ ಡಬ್ಬಿ ತೆಗೆದು ನೋಡಿ. ಶೀತದ್ದು, ತುರಿಕೆಯದ್ದು, ನಿದ್ರೆಯದ್ದು, ನರನೋವಿನ ಅಮಿಟ್ರಿಪ್ಟಿಲಿನ್, ಏನೇನಿದೆ ಅಂತ ಒಂದು ಚೀಟಿಯಲ್ಲಿ ಬರೆದು ಡಾಕ್ಟರಿಗೆ ತೋರಿಸಿ. ತಂದೆ ಅವರಾಗಿ ಹೇಳಲಿ ಅಂತ ಕಾಯಬೇಡಿ, ನಾನೂ ನನ್ನ ಮಗನಿಗೆ ಹೇಳಿರಲಿಲ್ಲ.